ಎರಡು ಉಳ್ಳಾಗಡ್ಡಿ ಮನೆತನಗಳು

ಈ ವರ್ಷ ಮಾರ್ಚ್ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಒಂದೂವರೆಗೆ, ಸಿಡ್ನಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ನನ್ನ ಅವ್ವ ಮೊಮ್ಮಗಳ ಮದುವೆಗೆ ಒಪ್ಪಿಗೆ ಕೊಟ್ಟಳು. ಕೊಟ್ಟದ್ದನ್ನು ಹಿಂದಕ್ಕೂ ಪಡೆದಳು. ಎರಡರ ನಡುವಿನ ಅಂತರ ಸುಮಾರು ನಾಲ್ಕು ನಿಮಿಷ. ಎರಡಕ್ಕೂ ಕಾರಣ ನಾನು ತಂದ ಒಂದೇ ಸುದ್ದಿ.

ಅವ್ವನಿಗೆ ಎಪ್ಪತ್ತೊಂಬತ್ತು. ಹುಬ್ಬಳ್ಳಿಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಏಪ್ರಿಲ್ ಕೊನೆಗೆ ಮರಳಬೇಕಿತ್ತು. ನನ್ನ ಮಗಳು ಇರುವುದು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ. ಅಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಮದುವೆಯಾಗುವುದೆಂದು ನಿಶ್ಚಯಿಸಿಕೊಂಡಿದ್ದಳು. ಹುಡುಗ ಹುಟ್ಟಿ ಬೆಳೆದದ್ದು ಮೆಲ್ಬರ್ನಿನಲ್ಲೇ, ಮನೆತನ ಮಾತ್ರ ಇಟಲಿಯದು. ನಾನೂ ನನ್ನ ಹೆಂಡತಿಯೂ ಈ ದೇಶದಲ್ಲಿ ನೆಲೆ ಹುಡುಕುತ್ತಿದ್ದ ಮೊದಲ ಐದು ವರ್ಷ ಮಗಳನ್ನು ಹುಬ್ಬಳ್ಳಿಯಲ್ಲಿ ಸಾಕಿದವಳು ಅವ್ವ. ಅಜ್ಜಿ ಹೂಂ ಅನ್ನದೆ ತಾರೀಕು ಗೊತ್ತುಮಾಡುವುದಿಲ್ಲ ಎಂದು ಮಗಳು ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಬದಲಿಸುವವಳಲ್ಲ. ಆ ಗುಣ ಯಾರ ಕಡೆಯಿಂದ ಬಂತೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಧರ್ಮ, ಮಾಂಸ, ಬಣ್ಣ, ಭಾಷೆ — ಅವ್ವ ಎತ್ತಬಹುದಾದ ಆಕ್ಷೇಪಗಳಿಗೆಲ್ಲ ನಾನು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅವಳು ಅದರಲ್ಲಿ ಒಂದನ್ನೂ ಎತ್ತಲಿಲ್ಲ.

"ಚರ್ಚಿಗೆ ಹೋಗ್ತಾರ, ಕೋಳಿ ತಿಂತಾರ, ಗೊತ್ತೈತಿ. ಆ ಲಿಸ್ಟ್ ಹಳೇದಾತು ಬಿಡು," ಅಂದಳು. "ಅಡ್ಡಹೆಸರು ಏನು?"

ಹುಬ್ಬಳ್ಳಿ-ಧಾರವಾಡದ ಕಡೆ ಮದುವೆಯ ಮಾತು ಶುರುವಾಗುವುದೇ ಈ ಪ್ರಶ್ನೆಯಿಂದ. ಅಡ್ಡಹೆಸರು ಹೇಳಿದರೆ ಕಸುಬು, ಊರು, ಓಣಿ, ಹಿಂದಿನ ಮೂರು ತಲೆಮಾರಿನ ಜಗಳ ಎಲ್ಲ ಗೊತ್ತಾಗುತ್ತವೆ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಗದಗದ ಕಡೆಯ ನಮ್ಮ ಹಿರಿಯರು ಅದನ್ನು ಬೆಳೆದವರು. ಅವ್ವನ ತವರಿನವರು ಮೆಣಸಿನಕಾಯಿ. ಅವ್ವ ಮದುವೆಯಾಗಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಒಗ್ಗರಣೆಗೆ ಬೇಕಾದದ್ದೆಲ್ಲ ಇದೆ ಎಂದು ಅಪ್ಪ ಹೇಳುತ್ತಿದ್ದ. ನನ್ನ ಹೆಂಡತಿ ಮೈಸೂರಿನವಳು. ಅವಳಿಗೆ ಅಡ್ಡಹೆಸರೇ ಇಲ್ಲ. ಇಲ್ಲಿಗೆ ಬಂದಾಗ ಅರ್ಜಿಯಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ ಎಂದು ಅಪ್ಪನ ಹೆಸರು ತುಂಬಿದಳು. ಅಂದಿನಿಂದ ಬ್ಯಾಂಕಿನವರು, ಡೆಂಟಿಸ್ಟು, ಕೌನ್ಸಿಲ್‌ನವರು ಎಲ್ಲರೂ ಅವಳನ್ನು ನನ್ನ ಮಾವನ ಹೆಸರು ಹಿಡಿದೇ ಕರೆಯುತ್ತಾರೆ.

"ನಮ್ಮ ಕಡೆ ಈ ರಗಳೆನೇ ಇಲ್ಲ ನೋಡಿ ಅತ್ತೆ. ಎರಡು ಇನಿಷಿಯಲ್ಲು, ಮುಗೀತು," ಅಂದಳು ಹೆಂಡತಿ.

"ಅದಕ್ಕ ನೀವು ಯಾರ ಪೈಕಿ ಅಂತ ಹುಡುಕಾಕ ನಮಗ ಆರು ತಿಂಗಳು ಹಿಡೀತು," ಅಂದಳು ಅವ್ವ.

ಹುಡುಗನ ಅಡ್ಡಹೆಸರು ಚಿಪೊಲ್ಲಾ. ಅವ್ವ ಅದನ್ನು ಎರಡು ಸಲ ಹೇಳಿ ನೋಡಿದಳು. ಏನೂ ತಿಳಿಯಲಿಲ್ಲ.

"ಪೇಪರ್‌ನ್ಯಾಗ ಹನ್ನೊಂದು ವರ್ಷ ಇದ್ದಾಂವ ನೀನು. ಅವ್ರು ಯಾರು, ಎಲ್ಲೆಲ್ಲಿ ಅದಾರ, ಆ ಹೆಸರು ಹೆಂಗ ಬಂತು, ವಿಚಾರಿಸ್ಕೊಂಡು ಬಾ," ಎಂದು ನನ್ನನ್ನು ಕಳಿಸಿದಳು.

ನಾನು ಹುಬ್ಬಳ್ಳಿಯಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಈಗ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ, ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟಿರುವ ಕಾಗದ ಬರೆಯುತ್ತೇನೆ. ಅದನ್ನು ಯಾರೂ ಓದುವುದಿಲ್ಲವಾದರೂ ಎರಡು ಮೂಲಗಳಿಂದ ಖಚಿತವಾಗದ ಒಂದು ವಾಕ್ಯವನ್ನೂ ಅದರಲ್ಲಿ ಹಾಕುವಂತಿಲ್ಲ. ಹಳೆಯ ಡೆಸ್ಕಿನ ನಿಯಮವೂ ಇದೇ ಆಗಿತ್ತು. ಆ ನಿಯಮದಂತೆಯೇ ಕೆಲಸ ಶುರುಮಾಡಿದೆ.

ಮೊದಲ ಮೂಲ, ನಮ್ಮ ಆಫೀಸಿನಲ್ಲಿ ಎದುರು ಮೇಜಿಗೆ ಕೂರುವ ಹೆಂಗಸು. ಅವಳ ತಂದೆತಾಯಿ ಇಟಲಿಯಿಂದ ಬಂದವರು. ಚಿಪೊಲ್ಲಾ ಅಂದರೇನು ಎಂದು ಕೇಳಿದೆ. ಅವಳು ತನ್ನ ಊಟದ ಡಬ್ಬಿ ತೆರೆದು, ಸಲಾಡಿನಿಂದ ಒಂದು ಈರುಳ್ಳಿ ಬಿಲ್ಲೆ ಎತ್ತಿ ತೋರಿಸಿದಳು. ಚಿಪೊಲ್ಲಾ ಅಂದರೆ ಉಳ್ಳಾಗಡ್ಡಿ.

ನಾನು ಮತ್ತೊಮ್ಮೆ ಕೇಳಿದೆ. ಅವಳು ಮತ್ತೊಮ್ಮೆ ತೋರಿಸಿದಳು.

ಎರಡನೆಯ ಮೂಲವಾಗಿ ನಿಘಂಟು ನೋಡಿದೆ. ಅಡ್ಡಹೆಸರುಗಳ ಬಗ್ಗೆ ಬರೆಯುವ ಜಾಲತಾಣಗಳನ್ನೂ ತೆರೆದೆ. ಈರುಳ್ಳಿ ಬೆಳೆಯುವವನಿಗೆ ಅಥವಾ ಮಾರುವವನಿಗೆ ಊರವರು ಇಟ್ಟ ಹೆಸರು, ಮುಂದೆ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡಿತು ಎಂಬುದು ಎಲ್ಲರೂ ಒಪ್ಪುವ ವಿವರಣೆ. ತಲೆಯ ಆಕಾರ ನೋಡಿ ಇಟ್ಟದ್ದಿರಬಹುದು ಎಂದೂ ಒಬ್ಬರು ಬರೆದಿದ್ದರು. ಹೆಸರು ಹೆಚ್ಚು ಕಾಣುವುದು ಸಿಸಿಲಿ ದ್ವೀಪದಲ್ಲಿ. ಅಲ್ಲಿಂದ ಹಡಗು ಹತ್ತಿದವರ ಜೊತೆ ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಹೋಗಿದೆ. ಎಷ್ಟು ಮನೆಗಳಿವೆ ಎಂಬುದಕ್ಕೆ ಮೂರು ತಾಣಗಳು ಮೂರು ಸಂಖ್ಯೆ ಕೊಟ್ಟವು. ಆದ್ದರಿಂದ ಒಂದನ್ನೂ ಇಲ್ಲಿ ಬರೆಯುತ್ತಿಲ್ಲ. ಸಣ್ಣ ಉಳ್ಳಾಗಡ್ಡಿ, ದೊಡ್ಡ ಉಳ್ಳಾಗಡ್ಡಿ ಎಂಬ ಅರ್ಥದ ಅಡ್ಡಹೆಸರುಗಳೂ ಇಟಲಿಯಲ್ಲಿ ಇವೆ. ಇದನ್ನು ಮೂರು ಕಡೆ ಖಚಿತಪಡಿಸಿಕೊಂಡೆ.

ಮೊದಲು ಹೇಳಿದ ಭಾನುವಾರ ಇಷ್ಟನ್ನೂ ಅವ್ವನ ಮುಂದಿಟ್ಟೆ. ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಇತ್ತು. ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಮಗಳೂ ಇದ್ದಳು.

"ಅಂದ್ರ ಅವ್ರೂ ಉಳ್ಳಾಗಡ್ಡಿ?" ಅಂದಳು ಅವ್ವ.

"ಅವ್ರೂ ಉಳ್ಳಾಗಡ್ಡಿ."

"ನಮ್ಮವ್ರ ಹಂಗಾದ್ರ!" ಅವ್ವನ ಮುಖ ಅರಳಿತು. "ನಾ ಸುಮ್ಮ ಎದಿ ಒಡಕೊಂಡಿದ್ದೆ ನೋಡು. ಆತು, ತಾರೀಕು ಹಿಡೀರಿ."

ಮಗಳು ಫೋನಿನಲ್ಲಿ ಕೂಗಿದ ಕೂಗಿಗೆ ಉಪ್ಪಿನ ಡಬ್ಬಿ ಜಾರಿತು. ಹೆಂಡತಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಅಂಥ ಗೌರವ ನನಗೆ ಆ ಮನೆಯಲ್ಲಿ ಅಪರೂಪ. ಅವ್ವ ಉಳ್ಳಾಗಡ್ಡಿ ಕಡಿದು, ಅಗಿದು, ಅಗಿಯುವುದನ್ನು ನಿಲ್ಲಿಸಿದಳು.

"ಇದು ಆಗಂಗಿಲ್ಲ," ಅಂದಳು.

"ಯಾಕ?"

"ಉಳ್ಳಾಗಡ್ಡಿ ಹುಡುಗಿನ್ನ ಉಳ್ಳಾಗಡ್ಡಿ ಮನಿಗೆ ಹೆಂಗ ಕೊಡ್ತಿ? ಅಣ್ಣತಮ್ಮರ ಮನಿ ಆಗ್ತೈತಿ. ಆಂವ ಇಕಿಗೆ ಅಣ್ಣ ಆದ."

"ಅಜ್ಜೀ, ಹಿ ಈಸ್ ನಾಟ್ ಮೈ ಬ್ರದರ್!" ಎಂದಳು ಮಗಳು ಬಿದ್ದಲ್ಲಿಂದಲೇ. ಫೋನು ಮಗುಚಿಬಿದ್ದಿತ್ತು.

"ಅವ್ವಾ, ಅವ್ರು ಇಟಲಿಯವ್ರು," ಅಂದೆ.

"ಊರು ಬ್ಯಾರೆ ಆದ್ರ ಮನೆತನ ಬ್ಯಾರೆ ಆಗ್ತೈತೇನು? ಸೊಲ್ಲಾಪುರದಾಗೂ ಉಳ್ಳಾಗಡ್ಡಿ ಅದಾರ. ಹೋದವ್ರು ಹೋಗಿರ್ತಾರ."

"ಇಟಲಿತನಕ ಹೆಂಗ ಹೋಗ್ತಾರ?"

"ನೀ ಇಲ್ಲೀತನಕ ಹೆಂಗ ಬಂದಿ?"

ನಾನು ಮಗುಚಿಬಿದ್ದ ಫೋನು ಎತ್ತಿ ನೆಟ್ಟಗೆ ಇಟ್ಟೆ.

ಊಟವಾದ ಮೇಲೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ಗೊತ್ತಾಗ್ಲಿಲ್ಲ ಅಂತ ಹೇಳಿದ್ರೆ ಏನಾಗ್ತಿತ್ತು? ಕುಂಬಾರರು ಅನ್ನಬಹುದಿತ್ತು, ಮೀನು ಹಿಡಿಯೋರು ಅನ್ನಬಹುದಿತ್ತು."

"ಸುಳ್ಳಾಗ್ತಿತ್ತು."

"ಹನ್ನೊಂದು ವರ್ಷ ಪೇಪರಲ್ಲಿದ್ರಂತೆ," ಅಂದಳು.

ಅವ್ವನ ಹಟ ಅರ್ಥವಿಲ್ಲದ್ದೆಂದು ನಾನು ಅಂದುಕೊಂಡಿದ್ದೆ. ಸಂಜೆ ಹಿತ್ತಲಿನಲ್ಲಿ ಬಟ್ಟೆ ಮಡಿಸುತ್ತ ಅವಳೇ ಕಾರಣ ಹೇಳಿದಳು. ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗಳು, ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಸೊಲ್ಲಾಪುರದ ಹುಡುಗ, ಅಡ್ಡಹೆಸರು ಉಳ್ಳಾಗಡ್ಡಿ. ಚಿಕ್ಕಪ್ಪ ಅರೆಮನಸ್ಸಿನಲ್ಲಿದ್ದ. ಮನೆಯ ಹಿರಿಯ ಸೊಸೆಯಾಗಿ ಮುಂದೆ ನಿಂತು, ಆಗದು ಎಂದು ಕಡ್ಡಿ ಮುರಿದ ಹಾಗೆ ಹೇಳಿದವಳು ಅವ್ವ. ಹುಡುಗಿ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ಆಫೀಸಿಗೆ ಹೋದಳು. ವರ್ಷದ ಮೇಲೆ ಬೇರೆ ಕಡೆ ಮದುವೆಯಾಯಿತು.

"ಆಕಿಗೆ ಬ್ಯಾಡ ಅಂದಾಕಿ ನಾನು," ಅಂದಳು ಅವ್ವ. "ಈಗ ನನ್ನ ಸ್ವಂತ ಮೊಮ್ಮಗಳು ಅಂತ ಹೂಂ ಅಂದ್ರ, ಹುಬ್ಬಳ್ಳಿಗೆ ಹೋಗಿ ಆಕಿ ಮುಂದ ಹೆಂಗ ನಿಂದರ್ಲಿ?"

ಸುದ್ದಿಯ ಮುಖ್ಯ ಭಾಗ ಇದು. ಸಂಗ್ರಹಿಸುವಾಗ ನನಗೆ ಸಿಕ್ಕಿರಲಿಲ್ಲ.

ಮುಂದಿನ ಎರಡು ವಾರ ಮಗಳು ದಿನಾ ಫೋನ್ ಮಾಡಿದಳು. ಅವ್ವ ದಿನಾ ಅವಳೊಡನೆ ಹವೆ, ರೆಂಟು, ಮೊಣಕಾಲು, ಎಲ್ಲದರ ಬಗ್ಗೆ ಮಾತಾಡಿ, ಮದುವೆಯ ಮಾತು ಬಂದಾಗ ಫೋನು ನನ್ನ ಕೈಗೆ ಕೊಟ್ಟಳು. ಕೊನೆಗೆ ಮಗಳೇ ಒಂದು ದಾರಿ ಕಂಡಳು. ಹುಡುಗನ ಅಜ್ಜ ಇದ್ದಾನೆ, ಎಂಬತ್ತಾರು, ಸಿಸಿಲಿಯಿಂದ ಬಂದವನು. ಹಿರಿಯರು ಹಿರಿಯರೇ ಮಾತಾಡಲಿ ಎಂದಳು. ಹಿರಿಯರನ್ನು ಕಂಡು ಮಾತಾಡದೆ ಆಗದು ಎನ್ನುವುದು ಸರಿಯಲ್ಲವೆಂದು ಅವ್ವನಿಗೂ ಅನ್ನಿಸಿತು. ಏಪ್ರಿಲ್ ಮೊದಲ ಶನಿವಾರ ಅವ್ವನೂ ನಾನೂ ಮೆಲ್ಬರ್ನಿಗೆ ಹಾರಿದೆವು. ವಿಮಾನ ಇಳಿಯುವವರೆಗೆ ಅವ್ವ ನನಗೆ ಒಂದೇ ಸೂಚನೆ ಕೊಟ್ಟಳು: "ನಾ ಅಂದದ್ದು ಅಂದಂಗ ಹೇಳು. ನಿಂದೇನೂ ಸೇರಿಸಬ್ಯಾಡ."

ಹುಡುಗನ ಅಜ್ಜನ ಮನೆ ವಿಂಡಮ್ ವೇಲ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರ, ವೆರಿಬಿ ಸೌತ್‌ನಲ್ಲಿ. ಸುತ್ತ ಹೂಕೋಸು, ಬ್ರಾಕಲಿ. ಮುದುಕ ಗೇಟಿಗೆ ಬಂದು ನಿಂತಿದ್ದ. ಬಿಳಿ ಅಂಗಿ, ಅದರ ಮೇಲೆ ಕಪ್ಪು ಕೋಟು, ಕಾಲಲ್ಲಿ ಗದ್ದೆಯ ಬೂಟು. ಅವ್ವನನ್ನು ಸಿನ್ಯೋರಾ ಎಂದು ಕರೆದು ತಲೆ ಬಾಗಿಸಿದ. ಅವ್ವ ಸೆರಗು ಸರಿಮಾಡಿಕೊಂಡು "ಆರಾಮ ಅದೀರಿ ಯಜಮಾನ್ರ?" ಅಂದಳು. ಅವನು "ಸಿ, ಸಿ" ಅಂದ. ಇದಕ್ಕೆ ನನ್ನ ಅನುವಾದ ಬೇಕಾಗಲಿಲ್ಲ. ಉಳಿದದ್ದಕ್ಕೆಲ್ಲ ಬೇಕಾಯಿತು, ಅವನದು ಇಂಗ್ಲಿಷ್, ಅವ್ವನದು ಕನ್ನಡ.

ಅವ್ವನ ಮೊದಲ ಪ್ರಶ್ನೆ, "ಉಳ್ಳಾಗಡ್ಡಿ ಎಷ್ಟು ಎಕರೆ ಹಾಕ್ತೀರಿ?"

ಮುದುಕ ತಲೆಯಾಡಿಸಿದ. ಅರವತ್ತು ವರ್ಷದಲ್ಲಿ ಒಂದು ಈರುಳ್ಳಿಯನ್ನೂ ಬೆಳೆದಿಲ್ಲ, ಹೂಕೋಸು ಮಾತ್ರ ಎಂದ.

ಅವ್ವ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಸ್ವಲ್ಪ ಆಸೆ ಕಂಡಿತು.

ನಾನು ಮುದುಕನಿಗೆ ಅಡಚಣೆ ಏನೆಂದು ವಿವರಿಸಿದೆ. ನಮ್ಮ ಕಡೆ ಒಂದೇ ಅಡ್ಡಹೆಸರಿನವರು ಮದುವೆಯಾಗುವುದಿಲ್ಲ, ನಿಮ್ಮ ಹೆಸರೂ ನಮ್ಮ ಹೆಸರೂ ಒಂದೇ, ಎಂದೆ. ಅವನಿಗೆ ಅರ್ಥವಾಗಲು ಎರಡು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮೇಜು ತಟ್ಟಿ ನಕ್ಕ. ಗೋಡೆಯ ಮೇಲಿದ್ದ ತೀರಿಹೋದ ಹೆಂಡತಿಯ ಫೋಟೊ ತೋರಿಸಿ, "ಇವಳೂ ಹುಟ್ಟಿನಿಂದಲೇ ಚಿಪೊಲ್ಲಾ!" ಎಂದ.

ಅನುವಾದ ಮಾಡಬೇಕೋ ಬೇಡವೋ ಎಂದು ನಾನು ಆ ದಿನ ಯೋಚಿಸಿದ್ದು ಇದೊಂದೇ ಸಲ. ಅಂದದ್ದು ಅಂದಂತೆ ಹೇಳಿದೆ.

"ಏಳು, ಹೋಗೂಣು," ಅಂದಳು ಅವ್ವ.

ಮಗಳು ಬಾಗಿಲ ಬಳಿ ನಿಂತಿದ್ದವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅವಳ ಪಕ್ಕದಲ್ಲಿದ್ದ ಹುಡುಗ, ಏನಾಯಿತೆಂದು ತಿಳಿಯದೆ, ಎಲ್ಲರಿಗೂ ಕಾಫಿ ಬೇಕೇ ಎಂದು ಕೇಳಿದ. ಮುದುಕ ನಗು ನಿಲ್ಲಿಸಿದ. ಮೊಮ್ಮಗನನ್ನು ಕರೆದು, ಈ ಹುಡುಗಿಯನ್ನು ಕರೆದುಕೊಂಡು ಹಿಂದಿನ ಶೆಡ್ಡಿಗೆ ಹೋಗಿ ಸಿನ್ಯೋರಾಗೆ ನಾಲ್ಕು ಒಳ್ಳೆಯ ಹೂಕೋಸು ಆರಿಸಿ ತಾ, ನಿಧಾನವಾಗಿ ಆರಿಸು, ಎಂದ. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು ಕೂತ. ದನಿ ಇಳಿಸಿದ.

ಅವನ ಊರಿನಲ್ಲಿ ಅರ್ಧಕ್ಕರ್ಧ ಜನ ಚಿಪೊಲ್ಲಾಗಳಂತೆ. ಶಾಲೆಯಲ್ಲಿ ಮೇಷ್ಟ್ರು ಆ ಹೆಸರು ಕೂಗಿದರೆ ಆರು ಮಂದಿ ಎದ್ದು ನಿಲ್ಲುತ್ತಿದ್ದರಂತೆ. ಅದಕ್ಕೇ ಪ್ರತಿ ಮನೆಗೂ ಊರವರು ಇಟ್ಟ ಎರಡನೆಯ ಹೆಸರೊಂದಿತ್ತು. ಅದು ಕಾಗದದ ಮೇಲೆ ಇರುತ್ತಿರಲಿಲ್ಲ, ಬಾಯಲ್ಲಿ ಮಾತ್ರ. ಎರಡನೆಯ ಹೆಸರು ಬೇರೆಯಾದರೆ ರಕ್ತವೂ ಬೇರೆ. ಪಾದ್ರಿ ಚರ್ಚಿನ ಹಳೆಯ ಪುಸ್ತಕ ತೆಗೆದು ನೋಡಿ, ಸಂಬಂಧವಿಲ್ಲ ಎಂದ ಮೇಲೆಯೇ ಮದುವೆ. ಅವನ ಹೆಂಡತಿಯ ಮನೆಯ ಎರಡನೆಯ ಹೆಸರು ಉಪ್ಪು ಮಾರುವವರು.

"ಇವ್ರ ಮನಿ ಹೆಸರು?" ಅಂದಳು ಅವ್ವ. ಎದ್ದು ನಿಂತವಳು ಮತ್ತೆ ಕೂತಿದ್ದಳು.

ಮುದುಕ ಕಿಟಕಿಯಿಂದ ಶೆಡ್ಡಿನ ಕಡೆ ನೋಡಿ ಬಂದ. ಆ ಹೆಸರಿನಿಂದ ತಪ್ಪಿಸಿಕೊಳ್ಳಲೆಂದೇ ತಾನು ಇಪ್ಪತ್ತನೆಯ ವಯಸ್ಸಿಗೆ ಹಡಗು ಹತ್ತಿದ್ದು, ಮಗನಿಗೂ ಹೇಳಿಲ್ಲ, ಮೊಮ್ಮಕ್ಕಳಿಗೂ ಹೇಳಿಲ್ಲ ಎಂದ. ಆಮೇಲೆ ಹೇಳಿದ. ಕತ್ತೆಕಳ್ಳರು.

ಅವನ ತಾತನ ಅಪ್ಪ ಸುಗ್ಗಿಯಲ್ಲಿ ಪಾದ್ರಿಯ ಕತ್ತೆಯನ್ನು ಹೊಡೆದುಕೊಂಡು ಬಂದಿದ್ದನಂತೆ. "ಕದ್ದದ್ದಲ್ಲ, ಎರವಲು ತಂದದ್ದು," ಎಂದು ಮುದುಕ ಬೆರಳೆತ್ತಿ ಹೇಳಿದ. ನಾಲ್ಕು ತಲೆಮಾರಿನಿಂದ ಅವರು ಹೀಗೇ ಹೇಳುತ್ತ ಬಂದಿದ್ದಾರೆ.

"ಹೊಳ್ಳಿ ಕೊಟ್ರಂತೇನು?" ಅಂದಳು ಅವ್ವ.

ಕೇಳಿದೆ. ಕೊಡಲಿಲ್ಲವಂತೆ.

"ಹಂಗಾದ್ರ ಕದ್ದದ್ದ," ಎಂದು ಅವ್ವ ತೀರ್ಪು ಕೊಟ್ಟಳು. ಆದರೆ ಅವಳ ಮುಖ ಆ ಮಾರ್ಚ್ ಭಾನುವಾರ ನಾಲ್ಕು ನಿಮಿಷ ಅರಳಿದ್ದಂತೆ ಮತ್ತೆ ಅರಳಿತ್ತು. "ನಮ್ಮ ಮನ್ಯಾಗ ಏಳು ತಲಿಯಿಂದ ಕತ್ತೆ ಕದ್ದವ್ರು ಯಾರೂ ಇಲ್ಲ. ನಾ ಎಲ್ಲಾರನ್ನೂ ಬಲ್ಲೆ. ಇವ್ರು ಖರೇನ ಬ್ಯಾರೆ ಮಂದಿ. ಕಳ್ಳರಾದ್ರ ಆಗ್ಲಿ, ಅಣ್ಣತಮ್ಮರಲ್ಲ. ಆತು, ಹುಡುಗೀನ್ನ ಕೊಟ್ಟೆ ಅಂತ ಹೇಳು."

ಹೇಳಿದೆ. ಕಳ್ಳರಾದ್ರ ಆಗ್ಲಿ ಎಂಬುದನ್ನೂ ಹೇಳಿದೆ. ಮುದುಕ ಎದ್ದು ಬಂದು ಅವ್ವನ ಎರಡೂ ಕೈ ಹಿಡಿದುಕೊಂಡ. ಹಿಡಿದೇ ಇದ್ದ. ಅವ್ವ ಮೆಲ್ಲಗೆ, "ಬಿಡಾಕ ಹೇಳು," ಅಂದಳು.

ಮಕ್ಕಳು ಹೂಕೋಸು ಹೊತ್ತು ಒಳಗೆ ಬಂದಾಗ ಒಪ್ಪಿಗೆಯಾಗಿತ್ತು. ಹೇಗಾಯಿತೆಂದು ಮಗಳು ಕೇಳಿದಳು. ಮೂವರೂ ಹೇಳಲಿಲ್ಲ.

ಸಿಡ್ನಿಗೆ ಮರಳುವ ವಿಮಾನದಲ್ಲಿ ಅವ್ವ ನನ್ನಿಂದ ಸೀಟಿನ ಬೆಲ್ಟು ಹಾಕಿಸಿಕೊಂಡಳು. ಆಮೇಲೆ, "ಸೊಲ್ಲಾಪುರದವ್ರ ಮೂಲ ನಾವು ಕೇಳಿದ್ವೇನು?" ಅಂದಳು.

ಯಾರೂ ಕೇಳಿರಲಿಲ್ಲ. ಆ ವಾರ ನಾನು ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಫೋನ್ ಮಾಡಿ ಎರಡೂ ಕಡೆಯ ಹಿರಿಯರನ್ನು ಬೇರೆ ಬೇರೆಯಾಗಿ ಮಾತಾಡಿಸಿದೆ. ಸೊಲ್ಲಾಪುರದವರ ಮೂಲ ವಿಜಯಪುರದ ಕಡೆಯದು. ಅವರ ಹಿರಿಯರು ಬೆಳೆದವರಲ್ಲ, ದಲ್ಲಾಳಿಗಳು. ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಎರಡು ಮೂಲಗಳೂ ಒಂದೇ ಮಾತು ಹೇಳಿದವು. ಅವ್ವ ಕೇಳಿಸಿಕೊಂಡು, "ಫೋನ್ ಹಚ್ಚು ಆಕಿಗೆ," ಅಂದಳು.

ನನ್ನ ಚಿಕ್ಕಪ್ಪನ ಮಗಳಿಗೆ ಈಗ ಐವತ್ತೆರಡು. ಅವ್ವ ಪೀಠಿಕೆ ಹಾಕಲಿಲ್ಲ. "ತಂಗೀ, ನಿನ್ನ ಲಗ್ನದ ಮಾತಿನ್ಯಾಗ ನಂದು ತಪ್ಪಾತು. ಆ ಹುಡುಗ ನಮ್ಮ ಪೈಕಿ ಅಲ್ಲ. ಕೇಳಬೇಕಿತ್ತು, ಕೇಳಲಿಲ್ಲ," ಅಂದಳು.

"ಹೋಗ್ಲಿ ಬಿಡ್ರಿ ದೊಡ್ಡವ್ವ," ಅಂದಳು ಆಕೆ. "ಮೊನ್ನೆ ದುರ್ಗದಬೈಲ್ ಬಜಾರದಾಗ ಕಂಡಿದ್ದ. ಹೊಟ್ಟಿ ಮುಂದ, ಆಂವ ಹಿಂದ ಬರಾಕತ್ತಿದ್ದ." ಸ್ವಲ್ಪ ತಡೆದು, "ಆದ್ರ ಆಗ ಹಂಗಿರಲಿಲ್ಲರಿ," ಅಂದಳು.

"ಇರಲಿಲ್ಲ," ಅಂದಳು ಅವ್ವ.

"ಈ ಲಗ್ನಕ್ಕ ನನ್ನನ್ನ ಕರಸ್ಕೋರಿ. ಅಷ್ಟ ಸಾಕು."

ಲಗ್ನಪತ್ರಿಕೆ ಹುಬ್ಬಳ್ಳಿಯಲ್ಲಿ ಅಚ್ಚಾಗಬೇಕು, ಆಕೆಯೇ ಮುಂದೆ ನಿಂತು ಹಾಕಿಸಬೇಕು ಎಂದು ಅವ್ವ ಹೇಳಿದಳು. ನೆಂಟರು ಪತ್ರಿಕೆ ಕೈಗೆ ಬಂದೊಡನೆ ಮೊದಲು ಓದುವುದು ಅಡ್ಡಹೆಸರು. ಚಿಪೊಲ್ಲಾ ಅಂದರೇನೆಂದು ಮೊಬೈಲಿನಲ್ಲಿ ನೋಡದೆ ಬಿಡುವವರಲ್ಲ. ನೋಡಿದರೆ ಫೋನ್ ಬರುವುದು ತಪ್ಪುವುದಿಲ್ಲ. ಆದ್ದರಿಂದ ವರನ ಹೆಸರಿನ ಕೆಳಗೆ ಮನೆತನವೂ ಇರಲೇಬೇಕು ಎಂಬುದು ಅವ್ವನ ಪಟ್ಟು. ನಾನು ಮೆಲ್ಬರ್ನಿನ ಮುದುಕನಿಗೆ ಫೋನ್ ಮಾಡಿ ಅನುಮತಿ ಕೇಳಿದೆ. ಅವನು ಯಾವ ಲಿಪಿಯಲ್ಲಿ ಅಂದ. ಕನ್ನಡ ಅಂದೆ. ಅದನ್ನು ತನ್ನ ಕಡೆಯವರು ಯಾರಾದರೂ ಓದಬಲ್ಲರೇ ಅಂದ. ಯಾರೂ ಇಲ್ಲ, ನನ್ನ ಮಗಳಿಗೂ ಓದಲು ಬರುವುದಿಲ್ಲ, ಅಂದೆ.

"ಹಾಗಾದರೆ ದೊಡ್ಡ ಅಕ್ಷರದಲ್ಲೇ ಹಾಕಿಸು," ಅಂದ.

ಪತ್ರಿಕೆ ಅಚ್ಚಾಗಿದೆ. ವರನ ಹೆಸರಿನ ಕೆಳಗೆ "ಚಿಪೊಲ್ಲಾ, ಕತ್ತೆಕಳ್ಳರ ಮನೆತನ" ಎಂದಿದೆ. ಹುಬ್ಬಳ್ಳಿಯಲ್ಲಿ ಈವರೆಗೆ ಯಾರೂ ಆಕ್ಷೇಪ ಎತ್ತಿಲ್ಲ. ಒಬ್ಬರು ಮಾತ್ರ ಫೋನ್ ಮಾಡಿ, ಇದು ಇಟಲಿಯ ಯಾವುದಾದರೂ ಪದವಿಯೇ ಎಂದು ಕೇಳಿದರು. ಮದುವೆ ನವೆಂಬರ್ ಎರಡನೇ ಶನಿವಾರ, ವೆರಿಬಿಯ ಒಂದು ಹಾಲ್‌ನಲ್ಲಿ. ಅವ್ವನ ವೀಸಾ ಆಗಿದೆ. ಚಿಕ್ಕಪ್ಪನ ಮಗಳದು ಕಳೆದ ಗುರುವಾರ ಬಂತು. ಪತ್ರಿಕೆಯ ಒಂದು ಪ್ರತಿಯನ್ನು ಹುಡುಗ ತನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ. ಮದುವೆಯ ದಿನ ಅದನ್ನು ಅಜ್ಜಿಯ ಮುಂದೆ ತಾನೇ ಓದಬೇಕೆಂದು, ನನಗೊಬ್ಬನಿಗೆ ಮಾತ್ರ ತಿಳಿಸಿ, ವಿಂಡಮ್ ವೇಲ್‌ನ ಶನಿವಾರದ ಕನ್ನಡ ತರಗತಿಗೆ ಸೇರಿದ್ದಾನೆ. ಕಾಗುಣಿತ ಮುಗಿದಿದೆ. ಕತ್ತೆಗೂ ಕಳ್ಳರಿಗೂ ಬೇಕಾದ ಒತ್ತಕ್ಷರ ಮುಂದಿನ ವಾರ.